ನೋಡಲು ಬಂದವರಿಗೆ ಕಾಫಿ

ನಾನು ರಿಟೈರ್ ಆದ ವರ್ಷವೇ ನಮ್ಮತ್ತೆಗೆ ಲಕ್ವ ಹೊಡೆಯಿತು. "ಸರಿಯಾದ ಟೈಮಿಗೇ ರಿಟೈರ್ ಆದ್ರಿ ಬುಡಿ ಮೇಡಂ" ಎಂದು ನನ್ನ ಜೊತೆ ಕೆಲಸ ಮಾಡಿದವರಿಂದ ಹಿಡಿದು ಹಾಲಿನ ಡೈರಿಯ ಮುಂದೆ ಕ್ಯಾನು ಇಟ್ಟುಕೊಂಡು ನಿಂತವರವರೆಗೆ ಎಲ್ಲರೂ ಹೇಳಿದರು. ಯಾರೂ ಕುಹಕಕ್ಕೆ ಹೇಳಲಿಲ್ಲ. ಪ್ರೈಮರಿ ಸ್ಕೂಲಿನಲ್ಲಿ ಅಷ್ಟು ವರ್ಷ ಗಂಟಲು ಹರಿದುಕೊಂಡವಳು ಇನ್ನು ಮನೆಯಲ್ಲೇ ಇರುತ್ತಾಳೆ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಾಳೆ, ಎಲ್ಲ ಅನುಕೂಲವಾಗಿ ಕೂಡಿಬಂತು ಎಂದು ಅವರ ಲೆಕ್ಕ. ರಿಟೈರ್ ಆದ ಮೇಲೆ ಬೆಳಿಗ್ಗೆ ಅಲಾರಂ ಇಡುವುದಿಲ್ಲ ಎಂದು ನಾನು ಬಹಳ ಹಿಂದೆಯೇ ತೀರ್ಮಾನ ಮಾಡಿಕೊಂಡಿದ್ದೆ. ಇಡುವುದೂ ಇಲ್ಲ. ಅಲಾರಂಗಿಂತ ಮುಂಚೆ ಅತ್ತೆ ಕೂಗುತ್ತಾರೆ.

ನಮ್ಮದು ಅರಕೆರೆಗೆ ಹತ್ತಿರದ ಊರು. ನಾಲೆಯ ನೀರು, ಒಂದಿಷ್ಟು ಭತ್ತ, ಒಂದಿಷ್ಟು ಕಬ್ಬು, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ನನ್ನ ಗಂಡ ಗದ್ದೆಯನ್ನೂ ಹಸುಗಳನ್ನೂ ನೋಡಿಕೊಳ್ಳುತ್ತಾರೆ, ನಾನು ಅವರ ತಾಯಿಯನ್ನು ನೋಡಿಕೊಳ್ಳುತ್ತೇನೆ. ಇರುವ ಒಬ್ಬಳೇ ಮಗಳನ್ನು ಪಾಂಡವಪುರಕ್ಕೆ ಕೊಟ್ಟಿದ್ದೇವೆ. ಅವಳು ಕೆಲಸಕ್ಕೂ ಹೋಗಿಬಂದು, ಸಂಜೆ ತನ್ನ ಅತ್ತೆಯ ಕಾಲಿಗೂ ಎಣ್ಣೆ ತಿಕ್ಕುತ್ತಾಳೆ. ಅಂಥವಳನ್ನು ಬಾ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ನನಗೂ ಬಿ.ಪಿ. ಇದೆ, ಮಂಡಿ ಸವೆದಿದೆ. ಬಚ್ಚಲಲ್ಲಿ ಅತ್ತೆಯನ್ನು ಸ್ಟೂಲಿನಿಂದ ಎಬ್ಬಿಸುವಾಗ ಮೂಳೆ ಕಟಕಟ ಎಂದರೆ ಅದು ಯಾರದು ಎಂದು ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತೇವೆ.

ಅತ್ತೆಗೆ ಎಂಬತ್ತರ ಹತ್ತಿರ. ಸಕ್ಕರೆ ಕಾಯಿಲೆ ಬಹಳ ಹಳೆಯದು, ಅದು ಇದೆ ಎಂದು ಅವರು ಒಪ್ಪಿಕೊಂಡಿದ್ದು ಮಾತ್ರ ಈಚೆಗೆ. ಲಕ್ವ ಹೊಡೆದ ಮೇಲೆ ಎಡಗೈ, ಎಡಗಾಲಿನಲ್ಲಿ ಶಕ್ತಿ ಅಷ್ಟಕ್ಕಷ್ಟೇ. ಮೊದಮೊದಲು ಮಾತು ತೊದಲುತ್ತಿತ್ತು, ಆಮೇಲೆ ಸರಿಹೋಯಿತು. ಬೈಗುಳಗಳು ಎಲ್ಲಕ್ಕಿಂತ ಮೊದಲು ಸರಿಹೋದವು. ವಾಕರ್ ಹಿಡಿದುಕೊಂಡರೆ, ಹಿಂದೆ ಒಬ್ಬರು ನಿಂತರೆ, ಮಂಚದಿಂದ ಬಚ್ಚಲಿಗೆ ನಿಧಾನವಾಗಿ ಹೋಗಿಬರುತ್ತಾರೆ. ಹಿಂದೆ ನಿಲ್ಲುವವಳು ನಾನು. ಬೆಳಿಗ್ಗೆ, ಸಂಜೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿ, ಅದಾದ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಿಸುವವಳೂ ನಾನು.

ಈ ಕೆಲಸ ಕಷ್ಟವಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೂ ಮೈ ತೊಳೆಸುವುದು, ಬಟ್ಟೆ ಬದಲಿಸುವುದು, ಮಗ್ಗುಲು ತಿರುಗಿಸುವುದು, ಇವೆಲ್ಲ ಕೈಗೆ ಒಂದು ಸಲ ಅಭ್ಯಾಸವಾದರೆ ಮನಸ್ಸು ಬೇರೆಲ್ಲೋ ಇದ್ದರೂ ನಡೆದುಹೋಗುತ್ತವೆ. ಮೊದಲ ವರ್ಷ ನನ್ನ ಜೀವ ಹಿಂಡಿ ಹಿಪ್ಪೆ ಮಾಡಿದವರು ಅತ್ತೆಯನ್ನು ನೋಡಲು ಬಂದವರು.

ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆಂದರೆ ನೆಂಟರಿಷ್ಟರು ಬಂದು ನೋಡಲೇಬೇಕು. ಬರದಿದ್ದರೆ ಅದು ತಲೆತಲಾಂತರದ ಮಾತಾಗುತ್ತದೆ. ಬರಿಗೈಯಲ್ಲಿ ಬರುವಂತಿಲ್ಲ, ಬಸ್‌ಸ್ಟ್ಯಾಂಡಿನ ಬೇಕರಿಯಲ್ಲಿ ಬ್ರೆಡ್ಡೋ ಬನ್ನೋ ಕಟ್ಟಿಸಿಕೊಂಡು, ಜೊತೆಗೆ ಮೂಸಂಬಿ ಹಿಡಿದುಕೊಂಡು ಬರಬೇಕು. ಸಕ್ಕರೆ ಕಾಯಿಲೆಯವರಿಗೆ ಬನ್ನು ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಬನ್ನೇ ತರುತ್ತಾರೆ. ಆ ವರ್ಷ ನಾನು ಬನ್ನು ತಿಂದೆ, ನನ್ನ ಗಂಡ ಬನ್ನು ತಿಂದರು, ಕೊನೆಗೆ ಹಸುಗಳೂ ಬನ್ನು ತಿಂದವು.

ಬಂದವರು ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ. "ಎಂಗಿದ್ದೋಳು ಎಂಗಾಗ್ಬುಟ್ಟಲ್ಲೇ" ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ತಮ್ಮ ಊರಿನಲ್ಲಿ ಇದೇ ಕಾಯಿಲೆ ಬಂದು ಯಾರು ಯಾರು ಹೋದರು ಎಂಬುದನ್ನು ವಿಸ್ತಾರವಾಗಿ ಹೇಳುತ್ತಾರೆ. ಅಷ್ಟು ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಹಾಲು ಉಕ್ಕುವುದನ್ನು ಕಾಯುತ್ತಾ ನಿಂತಿರುತ್ತೇನೆ. "ಏನೂ ಬ್ಯಾಡ ಕಣವ್ವ" ಎಂದರೆ ಕಾಫಿ ಕೊಡಬೇಕು. "ಊಟ ಗೀಟ ಏನೂ ಬ್ಯಾಡ" ಎಂದರೆ ಮುದ್ದೆಗೆ ಎಸರಿಡಬೇಕು. ನಾಗಮಂಗಲದ ಕಡೆಯಿಂದ, ಅಂದರೆ ಅತ್ತೆಯ ತವರಿನಿಂದ ಬಂದವರಿಗೆ ಕೋಳಿ ಕುಯ್ಯದೆ ಕಳಿಸಿದರೆ ಅತ್ತೆ ಎರಡು ದಿನ ನನ್ನ ಜೊತೆ ಮಾತಾಡುವುದಿಲ್ಲ. ಉಂಡು, ಕೈ ತೊಳೆದು, ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಪ್ರತಿಯೊಬ್ಬರೂ ನನ್ನ ಕಡೆ ತಿರುಗಿ ಒಂದೇ ಮಾತು ಹೇಳುತ್ತಾರೆ: "ಚೆನ್ನಾಗ್ ನೋಡ್ಕಳವ್ವ." ತೊಳೆಯಲು ಬಿದ್ದಿರುವ ಪಾತ್ರೆಗಳ ಮುಂದೆ ನಿಂತು ಈ ಮಾತು ಕೇಳಿಸಿಕೊಂಡಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅತ್ತೆಗೆ ಮಾತ್ರ ಅದು ಹಬ್ಬ. ಕಾಲು ಗಟ್ಟಿಯಿದ್ದಾಗ ಅವರೂ ಹಾಗೆಯೇ ಊರೂರು ತಿರುಗಿದವರು. ಯಾರಿಗೆ ಏನಾಗಿದೆ ಎಂದು ಸುದ್ದಿ ಕಿವಿಗೆ ಬಿದ್ದರೆ ಸಾಕು, ಕೆ.ಆರ್.ಪೇಟೆಯೋ ಬೆಳ್ಳೂರೋ, ಬಸ್ಸು ಹತ್ತಿ ಹೊರಟುಬಿಡುತ್ತಿದ್ದರು. ಹೊಸಹೊಳಲಿನಲ್ಲಿ ನಮ್ಮಪ್ಪ ಸೊಂಟ ಮುರಿದುಕೊಂಡು ಬಿದ್ದಿದ್ದಾಗ ನನಗಿಂತ ಮೊದಲು ಅಲ್ಲಿಗೆ ಹೋದವರು ಅವರು. ಬೀಗರೆಂಬ ಬಿಗುಮಾನ ಇಟ್ಟುಕೊಳ್ಳದೆ ಹಳೆಯ ಕಥೆಗಳನ್ನೆಲ್ಲ ಹೇಳಿ ಅಪ್ಪನನ್ನು ನಗಿಸಿದ್ದರಂತೆ. ಅದನ್ನು ನಾನು ಮರೆತಿಲ್ಲ. ಆದ್ದರಿಂದ ತಮ್ಮ ಸರದಿ ಬಂದಾಗ ಜನ ಬರಲಿ ಎಂದು ಅವರು ಆಸೆಪಟ್ಟಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಯಾರಾದರೂ ಬರುತ್ತಾರೆಂದು ಗೊತ್ತಾದ ದಿನ ಬೆಳಿಗ್ಗೆಯೇ ತಲೆ ಬಾಚಿಸಿಕೊಂಡು, ದಿಂಬಿಗೆ ಒರಗಿ ಕೂತು, ಇಟ್ಟ ಮುದ್ದೆಯನ್ನು ಮಾತಿಲ್ಲದೆ ಉಣ್ಣುತ್ತಿದ್ದರು.

ಎರಡನೇ ವರ್ಷ ಯಾರೂ ಬರಲಿಲ್ಲ.

ಸದ್ಯ, ಬದುಕಿಕೊಂಡೆ ಎಂದು ನನಗೆ ಮೊದಲು ಅನ್ನಿಸಿತು. ನೋಡುವ ಪದ್ಧತಿ ಇರುವುದು ಒಂದು ಸಲಕ್ಕೆ. ಕಾಯಿಲೆ ಬಂದಾಗ ಒಮ್ಮೆ ನೋಡಿದರೆ ಕರ್ತವ್ಯ ಮುಗಿಯಿತು. ಇನ್ನು ಬರುವುದು ಮಣ್ಣಿಗೇ. ಕಾಯಿಲೆ ವಾಸಿಯಾಗುವವರಿಗೂ ಸಾಯುವವರಿಗೂ ಈ ಪದ್ಧತಿ ಸರಿಹೊಂದುತ್ತದೆ. ನಮ್ಮತ್ತೆ ವಾಸಿಯೂ ಆಗಲಿಲ್ಲ, ಸಾಯಲೂ ಇಲ್ಲ. "ನೋಡ್ಕಂಡ್ ಬಂದಿದ್ವಲ್ಲ" ಎಂದು ಎಲ್ಲರೂ ಅವರನ್ನು ಮನಸ್ಸಿನಲ್ಲೇ ಒಂದು ಮೂಲೆಗೆ ಇಟ್ಟು ಸುಮ್ಮನಾದರು.

ಅತ್ತೆ ಬಾಗಿಲ ಕಡೆ ಮುಖಮಾಡಿ ಮಲಗುವುದನ್ನು ರೂಢಿ ಮಾಡಿಕೊಂಡರು. ಬೀದಿಯಲ್ಲಿ ಆಟೋ ಸದ್ದಾದರೆ "ನಮ್ಮಟ್ಟಿ ಮುಂದೆ ನಿಂತ್ಕತಾ ನೋಡು" ಎನ್ನುತ್ತಿದ್ದರು. ಆಟೋ ಮುಂದೆ ಹೋಗುತ್ತಿತ್ತು. ಕೆಲವು ತಿಂಗಳಾದ ಮೇಲೆ ಕೇಳುವುದನ್ನೂ ಬಿಟ್ಟರು. ಮುದ್ದೆ ಅರ್ಧವಾಯಿತು, ಆಮೇಲೆ ನಾಲ್ಕು ತುತ್ತಾಯಿತು. "ಬಾಯ್ ಕೆಟ್ಟೋಗದೆ, ತಗಂಡೋಗು" ಎಂದು ತಟ್ಟೆ ತಳ್ಳುತ್ತಿದ್ದರು. ಇನ್ಸುಲಿನ್ ಚುಚ್ಚಿದ ಮೇಲೆ ಉಣ್ಣದಿದ್ದರೆ ಏನಾಗುತ್ತದೆಂದು ಒಂದು ಬೆಳಿಗ್ಗೆ ನನಗೆ ಗೊತ್ತಾಯಿತು. ಹಸುವಿಗೆ ನೀರಿಟ್ಟು ಒಳಗೆ ಬರುವಷ್ಟರಲ್ಲಿ ಅತ್ತೆಯ ಮೈ ತಣ್ಣಗೆ ಬೆವರಿ ತೊಯ್ದಿತ್ತು, ಕರೆದರೆ ಓಗೊಡಲಿಲ್ಲ. ಅಡುಗೆಮನೆಗೆ ಓಡಿ ಸಕ್ಕರೆ ತಂದು ಅವರ ಕೆನ್ನೆಯ ಒಳಗೆ ಉಜ್ಜಿದೆ. ಕಣ್ಣು ಬಿಟ್ಟವರು "ಯಾಕೆ ಎಬ್ಬುಸ್ದೆ" ಎಂದು ಮಾತ್ರ ಕೇಳಿದರು.

ಶ್ರೀರಂಗಪಟ್ಟಣದ ಡಾಕ್ಟರು ಎಲ್ಲ ನೋಡಿ, ಔಷಧಿಯ ಪ್ರಮಾಣ ಇಳಿಸಿ, ನನ್ನನ್ನು ಹೊರಗೆ ಕರೆದರು. ಮೈಗಿಂತ ಮನಸ್ಸು ಕುಗ್ಗಿದೆ, ಹೀಗೇ ಊಟ ಬಿಡುತ್ತಾ ಹೋದರೆ ಉಳಿಸಿಕೊಳ್ಳುವುದು ಕಷ್ಟ, ಜೊತೆಯಲ್ಲಿ ಕೂತು ಮಾತಾಡಿ ಎಂದರು. ಡಾಕ್ಟರು ಚಿಕ್ಕ ವಯಸ್ಸಿನವರು. ಅವರಿಗೆ ಹೇಗೆ ಹೇಳಲಿ? ನಾನೂ ಅತ್ತೆಯೂ ಒಂದೇ ಸೂರಿನಡಿ ಒಂದು ಆಯುಷ್ಯ ಕಳೆದಿದ್ದೇವೆ. ಮಾತಾಡುವುದೆಲ್ಲ ಆಡಿಯಾಗಿದೆ, ಜಗಳವನ್ನೂ ಆಡಿಯಾಗಿದೆ. ಆದರೂ ಕೂತೆ. ಪೇಪರ್ ಓದಿ ಹೇಳಿದೆ, ಹಾಲಿನ ಫ್ಯಾಟು ಕಡಿಮೆ ಬಂದ ಸುದ್ದಿ ಹೇಳಿದೆ. ಅವರು ಸೂರು ನೋಡುತ್ತಾ ಹೂಂಗುಟ್ಟಿದರು. ದಿನವೂ ಚುಚ್ಚುವವಳು, ದಿನವೂ ತೊಳೆಸುವವಳು ಪಕ್ಕದಲ್ಲಿ ಕೂತರೆ ಅದು ಯಾರೋ ಬಂದಂತಾಗುವುದಿಲ್ಲವಲ್ಲ.

"ವಯಸ್ಸಾಯ್ತು ಬುಡು, ಎಷ್ಟ್ ದಿನಾಂತ ಉಂಡಾರು" ಎಂದು ನನ್ನ ಗಂಡ ಹೇಳಿ, ಗುದ್ದಲಿ ಹೆಗಲಿಗಿಟ್ಟುಕೊಂಡು ಗದ್ದೆಗೆ ಹೋದರು. ಅವರಿಗೆ ನೋವಿಲ್ಲ ಎಂದಲ್ಲ. ನೋವಾದಾಗಲೆಲ್ಲ ಅವರಿಗೆ ಗದ್ದೆಯಲ್ಲಿ ಕೆಲಸವಿರುತ್ತದೆ. ಆ ಅನುಕೂಲ ನನಗಿರಲಿಲ್ಲ. ತಟ್ಟೆ ಹಿಡಿದುಕೊಂಡು ಆ ಮಂಚದ ಮುಂದೆ ನಿಲ್ಲುವುದು ನಾನು. ಅತ್ತೆ ಹೀಗೆ ನನ್ನ ಕಣ್ಣ ಮುಂದೆಯೇ, ನನ್ನ ಕೈಯೂಟವನ್ನೇ ತಳ್ಳುತ್ತಾ ಸತ್ತುಹೋದರೆ ಎಂಬ ಭಯ ನನಗೆ ಹಗಲಿಡೀ ಇರುತ್ತಿತ್ತು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ, ತಿಂಡಿ ಮುಗಿಸಿ ನಾನು ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದೆ. ಬೀದಿಯ ತುದಿಯಲ್ಲಿ ಒಂದು ಟೆಂಪೊ ನಿಂತಿತು. ಅದರಿಂದ ಹೆಂಗಸರು ಒಬ್ಬರ ಹಿಂದೆ ಒಬ್ಬರು ಇಳಿದರು, ಇಳಿಯುತ್ತಲೇ ಎದೆ ಬಡಿದುಕೊಳ್ಳತೊಡಗಿದರು. ಮುಂದೆ ಅತ್ತೆಯ ತಂಗಿ. "ಅಯ್ಯೋ ನಮ್ಮಕ್ಕಾ, ನಮ್ಮುನ್ ಬುಟ್ಬುಟ್ಟು ಓದ್ಯಲ್ಲೇ" ಎಂದು ರಾಗವೆಳೆದು ಅಳುತ್ತಾ ನಮ್ಮ ಮನೆಯ ಕಡೆಗೇ ಬಂದರು. ಸೋಪಿನ ಕೈಯಲ್ಲೇ ಎದ್ದು ನಿಂತೆ. ಅಕ್ಕಪಕ್ಕದವರು ಬಾಗಿಲಿಗೆ ಬಂದರು. ನಾನು ಬಟ್ಟೆ ಒಗೆಯುವಷ್ಟರಲ್ಲಿ ಒಳಗೆ ಏನಾದರೂ ಆಗಿಹೋಯಿತೇ, ಅದು ನನಗಿಂತ ಮೊದಲು ನಾಗಮಂಗಲಕ್ಕೆ ಗೊತ್ತಾಯಿತೇ ಎನ್ನಿಸಿತು. ಒಳಗೆ ಓಡಿದೆ. ಅವರೆಲ್ಲ ನನ್ನ ಹಿಂದೆಯೇ ನುಗ್ಗಿದರು.

ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ಬೆಳಿಗ್ಗೆ ಯಾಕೋ ಹಟ ಮಾಡಿ ತಲೆ ಬಾಚಿಸಿಕೊಂಡಿದ್ದರು, ಹಣೆಗೆ ವಿಭೂತಿ ಇಡಿಸಿಕೊಂಡಿದ್ದರು.

"ಯಾಕವ್ವ ಇಂಗ್ ಬಾಯ್ ಬಡ್ಕಂಡ್ ಬತ್ತಿದ್ದೀರಿ? ಬನ್ನಿ, ಕೂತ್ಕಳಿ" ಎಂದರು.

ಅಳು ಅರ್ಧಕ್ಕೆ ನಿಂತಿತು. ಒಬ್ಬಾಕೆ ಬಾಯಿ ಮುಚ್ಚಿಕೊಂಡು "ಉಸ್ರಾಡ್ತಾವ್ರೆ ಕಣ್ರೇ" ಎಂದು ಪಿಸುಗುಟ್ಟಿದಳು. ಅತ್ತೆಯ ತಂಗಿ ಕಣ್ಣೊರೆಸಿಕೊಂಡು ಮಂಚದ ಹತ್ತಿರ ಬಂದರು.

"ನೀನೇ ಅಲ್ವೇನಕ್ಕ ನೆನ್ನೆ ಪೋನ್ ಮಾಡಿ, ಇನ್ನ ನಾನು ಉಳಿಯಾಕಿಲ್ಲ ಕಣೆ, ಉಸ್ರು ಇಡೀತಾ ಅದೆ, ಬಂದು ಮಕ ನೋಡ್ಕಳಿ ಅಂದಿದ್ದು?"

"ಅಂದೆ. ಆಮ್ಯಾಕೆ ಒಸಿ ವಾಸಿ ಆಯ್ತು."

ಮಗಳು ಅಜ್ಜಿಗೆಂದು ತಂದುಕೊಟ್ಟಿದ್ದ ಬಟನ್ ಫೋನು ದಿಂಬಿನ ಪಕ್ಕದಲ್ಲೇ ಇರುತ್ತದೆ. ಒಂದು ಬಟನ್ ಒತ್ತಿದರೆ ತಂಗಿಗೆ ಹೋಗುವಂತೆ ಅವಳೇ ಮಾಡಿಕೊಟ್ಟಿದ್ದಳು. ನಾನು ಹಾಲು ಹಾಕಲು ಡೈರಿಗೆ ಹೋದ ಹೊತ್ತು ನೋಡಿಕೊಂಡು ಅತ್ತೆ ಆ ಬಟನ್ ಒತ್ತಿದ್ದಾರೆ. ಸಾಯುವ ಸುದ್ದಿ ಕೊಟ್ಟರೆ ಮಾತ್ರ ಜನ ಎರಡನೇ ಸಲ ಬರುತ್ತಾರೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ರಾತ್ರಿಯೇ ಸುದ್ದಿ ಅವರ ತವರಿನ ಬೀದಿಯೆಲ್ಲ ಹರಡಿ, ಬೆಳಿಗ್ಗೆ ಟೆಂಪೊ ಗೊತ್ತುಮಾಡಿಕೊಂಡು ಹೊರಟಿದ್ದಾರೆ. ಬರುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ ಎಂದು ದಾರಿಯಲ್ಲೇ ತಮ್ಮತಮ್ಮಲ್ಲಿ ತೀರ್ಮಾನ ಮಾಡಿಕೊಂಡಿದ್ದಾರೆ.

ಟೆಂಪೊದಲ್ಲಿ ಹೆಂಗಸರ ಜೊತೆ ಬಂದಿದ್ದ ಗಂಡಸರಲ್ಲಿ ಹಿರಿಯರೊಬ್ಬರು ಜಗಲಿಯಲ್ಲೇ ಕೂತು, "ಕೆಲ್ಸ ಬುಟ್ ಬಂದಿವಲ್ಲವ್ವ" ಎಂದು ನನ್ನನ್ನೇ ಆಕ್ಷೇಪಿಸಿದರು, ನಾನೇ ಏನೋ ಮಾತು ತಪ್ಪಿದವಳಂತೆ. ನನಗೆ ನಗು ಬಂತೋ ಅಳು ಬಂತೋ ಈಗಲೂ ಹೇಳಲಾರೆ. ಒಳಗಿನಿಂದ ಅತ್ತೆಯ ದನಿ ಬಂತು: "ಎಲ್ರೂ ಉಣ್ಕಂಡೇ ಓಗ್ಬೇಕು. ಅವ್ವಾ, ನಾಟಿ ಕೋಳಿ ಇಡ್ಸು."

ಹಿಡಿಸಿದೆ. ಏನು ಮಾಡಲಿ? ಅಷ್ಟು ಜನಕ್ಕೆ ಮಸಾಲೆ ರುಬ್ಬಿ, ದೊಡ್ಡ ಪಾತ್ರೆ ಹೊರಗೆ ಒಲೆಯ ಮೇಲಿಟ್ಟು, ಮುದ್ದೆ ತಿರುವಿದೆ. ಮಂಡಿ ಸಿಡಿಯುತ್ತಿತ್ತು, ಹೊಗೆಗೆ ಕಣ್ಣು ಉರಿಯುತ್ತಿತ್ತು. ಬಂದ ಹೆಂಗಸರು ಈರುಳ್ಳಿ ಹೆಚ್ಚಿಕೊಟ್ಟರು, ಅದನ್ನು ಇಲ್ಲ ಎನ್ನಲಾರೆ. ಪಾತ್ರೆ ಇಳಿಸಲು ಟೆಂಪೊ ಡ್ರೈವರನ್ನು ಕರೆಯಲು ಹೋದಾಗ, ಸೀಟಿನ ಕೆಳಗೆ ಬಾಳೆಲೆಯಲ್ಲಿ ಸುತ್ತಿಟ್ಟಿದ್ದ ಹೂವಿನ ಹಾರ ಕಂಡಿತು. ಕಂಡರೂ ಕಾಣದವಳ ಹಾಗೆ ಬಂದುಬಿಟ್ಟೆ.

ಒಳಗೆ ನಗು ಶುರುವಾಗಿತ್ತು. ಸತ್ತವಳ ಮುಂದೆ ಅಳಲು ಬಂದವರು ಬದುಕಿದವಳ ಸುತ್ತ ಕೂತು ಹಳೆಯ ಸುದ್ದಿಗಳನ್ನೆಲ್ಲ ತೆಗೆದಿದ್ದರು. ಯಾರದೋ ಮದುವೆಯಲ್ಲಿ ಬೂಂದಿ ಕದ್ದದ್ದು, ಯಾರೋ ಎಮ್ಮೆಯ ಹಿಂದೆ ಓಡಿ ಕೆರೆಗೆ ಬಿದ್ದದ್ದು. ಅತ್ತೆಯ ತಂಗಿ ಅಕ್ಕನ ಸುಮ್ಮನಿದ್ದ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನೀವುತ್ತಿದ್ದರು. ಅತ್ತೆ ಒಂದು ಇಡೀ ಮುದ್ದೆ ಉಂಡರು, ಸಾರು ಎರಡನೇ ಸಲ ಹಾಕಿಸಿಕೊಂಡರು. ಎಷ್ಟೋ ತಿಂಗಳಿಂದ ನಾನು ಕಾಣದಿದ್ದ ಖಾಲಿ ತಟ್ಟೆ ಅದು. ಬಾಗಿಲಲ್ಲಿ ನಿಂತು ಅದನ್ನು ನೋಡಿದೆ, ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಬಿಸಿಲು ಇಳಿದ ಮೇಲೆ ಟೆಂಪೊ ಹೊರಟಿತು. "ಚೆನ್ನಾಗ್ ನೋಡ್ಕಳವ್ವ" ಎಂದು ಎಲ್ಲರೂ ಹೇಳಿದರು. ಬಾಗಿಲು ಹಾಕಿ ಬಂದವಳೇ ಮಂಚದ ಮುಂದೆ ನಿಂತೆ. ಬೆಳಿಗ್ಗೆಯಿಂದ ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಬಂತು.

"ಏನತ್ತೆ ಇದು? ನಿಮಗೆ ನಾಚಿಕೆ ಆಗಲ್ವಾ? ಜನ ಹೂವಿನ ಹಾರ ತಂದಿದ್ರು, ಗೊತ್ತಾ?"

ಅತ್ತೆ ಕಣ್ಣರಳಿಸಿದರು. "ಆರ ತಂದಿದ್ರಾ? ಯಾವ ಊವು? ಸೇವಂತ್ಗೆಯಾ, ಚೆಂಡೂವಾ?"

"ಸೇವಂತಿಗೆ."

"ಇರ್ಲಿ, ಒಳ್ಳೇದ್ನೇ ತಂದವ್ರೆ."

ನಾನು ಕೂಗಾಡಿದೆ. ನನ್ನ ಮಂಡಿಯ ಬಗ್ಗೆ, ಬಿ.ಪಿ.ಯ ಬಗ್ಗೆ, ಬೀದಿಯಲ್ಲಿ ಹೋದ ಮಾನದ ಬಗ್ಗೆ, ಇನ್ನು ಮುಂದೆ ನಿಜವಾಗಿ ಏನಾದರೂ ಆದರೂ ಯಾರೂ ನಂಬುವುದಿಲ್ಲ ಎಂಬುದರ ಬಗ್ಗೆ. ಶಾಲೆಯಲ್ಲಿ ಇಡೀ ತರಗತಿಯನ್ನು ಸುಮ್ಮನಿರಿಸುತ್ತಿದ್ದ ದನಿ ಅದು. ಅತ್ತೆ ನಾನು ಮುಗಿಸುವವರೆಗೂ ಕಾದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು:

"ಸತ್ ಮ್ಯಾಕೆ ಎಲ್ರೂ ಬಂದೇ ಬತ್ತರೆ ಕಣವ್ವ. ಆವಾಗ ನಂಗೇನ್ ಕಂಡಾತು? ಕಣ್ ಬುಟ್ಕಂಡ್ ಇರೋವಾಗ್ಲೇ ಒಂದ್ ಸಲ ಎಲ್ರುನ್ನೂ ನೋಡಾವ ಅನ್ನುಸ್ತು."

ಪಾತ್ರೆ ತೊಳೆಯಲು ಹೋದೆ.

ನಾನು ಹೇಳಿದಂತೆಯೇ ಆಯಿತು. ನಾಗಮಂಗಲದ ಕಡೆಯವರು ಮೊದಲು ನಕ್ಕರು, ಆಮೇಲೆ ಬೇಸರ ಮಾಡಿಕೊಂಡರು. ಮುದುಕಿಗೆ ಬುದ್ಧಿ ತಪ್ಪಿದೆ ಎಂದು ಮಾತು ಸುತ್ತಿಕೊಂಡು ನಮ್ಮೂರಿಗೂ ಬಂತು. ಅತ್ತೆ ಫೋನು ಮಾಡಿದರೆ ತಂಗಿ ಎತ್ತಿ, "ಆಮ್ಯಾಕ್ ಮಾಡ್ತೀನಿ ಕಣಕ್ಕ" ಎಂದು ಇಡುತ್ತಿದ್ದರು. ಆ ಇಡೀ ಮುದ್ದೆಯ ಬಲ ಒಂದು ವಾರಕ್ಕೆ ಬಂತು. ಮತ್ತೆ ಬಾಗಿಲ ಕಡೆ ಮುಖ, ಮತ್ತೆ ತಟ್ಟೆ ತಳ್ಳುವುದು. ಈ ಸಲ ಅವರು ಇನ್ನೂ ಕುಗ್ಗಿಹೋದರು. ಕೈಯಲ್ಲಿದ್ದ ಒಂದೇ ಉಪಾಯವನ್ನೂ ಖರ್ಚು ಮಾಡಿಯಾಗಿತ್ತಲ್ಲ. ನಾನು ಹುರುಳಿಕಾಳಿನ ಬಸ್ಸಾರು ಮಾಡಿದೆ, ಉಪ್ಪುಸಾರು ಮಾಡಿದೆ, ಕಾಡಿದೆ, ಬೇಡಿದೆ, ಗದರಿಸಿದೆ. ಊಟವಾಗದೆ ಇನ್ಸುಲಿನ್ ಚುಚ್ಚಲು ಹೆದರಿ, ಸೂಜಿ ಕೈಯಲ್ಲಿ ಹಿಡಿದು ಕಾದು ಕೂರುತ್ತಿದ್ದೆ. ಒಮ್ಮೊಮ್ಮೆ, ಹೋಗುವುದಾದರೆ ಬೇಗ ಹೋಗಲಿ, ನನಗೂ ಬಿಡುಗಡೆಯಾಗಲಿ ಎನ್ನಿಸುತ್ತಿತ್ತು. ಎನ್ನಿಸಿದ ಮರುಕ್ಷಣವೇ ಎದ್ದು ಹೋಗಿ ಅವರ ಹೊದಿಕೆ ಸರಿಮಾಡುತ್ತಿದ್ದೆ.

ಆ ವರ್ಷ ಮಳೆ ನಿಂತ ಮೇಲೆ ಊರಲ್ಲಿ ಚಿಕೂನ್‌ಗುನ್ಯಾ ಎದ್ದಿತು. ನನಗೂ ಬಂತು. ಬೆಳಿಗ್ಗೆ ಕಾಲು ನೆಲಕ್ಕೆ ಇಡಲು ಹೋದವಳು ಹಾಗೇ ಮಂಚಕ್ಕೆ ಕುಸಿದೆ. ಕೈಬೆರಳು ಮಡಚಲು ಬರುತ್ತಿರಲಿಲ್ಲ, ಲೋಟ ಹಿಡಿಯಲು ಆಗುತ್ತಿರಲಿಲ್ಲ. ಮಗಳು ಪಾಂಡವಪುರದಿಂದ ಓಡಿಬಂದು, ರಜೆ ಇರುವಷ್ಟು ದಿನ ಇದ್ದು, ಅಳುತ್ತಲೇ ಬಸ್ಸು ಹತ್ತಿದಳು. ಆಮೇಲೆ ನನ್ನ ಗಂಡನೇ ಎಲ್ಲ. ಅವರು ತಾಯಿಗೆ ಹೆದರಿ ಹೆದರಿ ಇಂಜೆಕ್ಷನ್ ಕೊಟ್ಟರು, ಮುದ್ದೆ ತಿರುವಿದರು. ಆ ಮುದ್ದೆಯಲ್ಲಿ ಹಿಟ್ಟು ಒಂದು ಕಡೆ, ನೀರು ಒಂದು ಕಡೆ.

ನನ್ನನ್ನು ನೋಡಲು ಯಾರೂ ಬರಲಿಲ್ಲ. ಜ್ವರ ಊರಿಗೆಲ್ಲ ಬಂದಿದೆ, ಮೇಡಂ ಇನ್ನೆರಡು ದಿನಕ್ಕೆ ಎದ್ದು ಓಡಾಡುತ್ತಾರೆ ಎಂದು ಜನ ಅಂದುಕೊಂಡಿರಬೇಕು. ನನಗೂ ಯಾರೂ ಬೇಕಿರಲಿಲ್ಲ. ಬನ್ನೂ ಬೇಡ, ಸಮಾಧಾನವೂ ಬೇಡ, ಸುಮ್ಮನೆ ಬಿದ್ದುಕೊಂಡಿರಲು ಬಿಟ್ಟರೆ ಸಾಕು ಎಂದಿದ್ದೆ. ಹಾಗೆಂದವಳು ಗೋಡೆಯ ಕಡೆ ತಿರುಗಿ ಮಲಗಿ ಅತ್ತುಬಿಟ್ಟೆ. ಇಷ್ಟು ಜನಕ್ಕೆ ಕಾಫಿ ಕಾಯಿಸಿದ್ದೇನಲ್ಲ, ಒಬ್ಬರಾದರೂ ಬರಬಾರದಿತ್ತೇ ಎಂದು ಚಿಕ್ಕ ಮಕ್ಕಳಂತೆ ದುಃಖವಾಯಿತು.

ಒಂದು ಮಧ್ಯಾಹ್ನ ಹೊರಗೆ ಅಮ್ಮ ಮಗನ ವಾಗ್ವಾದ ಕೇಳಿಸಿತು. "ಸುಮ್ಕಿರವ್ವ, ಬಿದ್ಗಿದ್ದೀಯ" ಎಂದು ಇವರು, "ನೀನ್ ಇಂದೆ ನಿಂತ್ಕಳ್ಲಾ ಸಾಕು" ಎಂದು ಅವರು. ಆಮೇಲೆ ವಾಕರ್ ನೆಲಕ್ಕೆ ಊರುವ ಸದ್ದು. ಅತ್ತೆಯ ಮಂಚದಿಂದ ನನ್ನ ಕೋಣೆಗೆ ಒಂದು ಹಜಾರ ದಾಟಬೇಕು. ಲಕ್ವ ಹೊಡೆದ ಮೇಲೆ ಅವರು ಅಷ್ಟು ದೂರ ನಡೆದವರೇ ಅಲ್ಲ. ನಡುವೆ ಎಷ್ಟೋ ಹೊತ್ತು ನಿಂತರು. ನಾನು ಕೇಳುತ್ತಾ ಬಿದ್ದಿದ್ದೆ, ಎದ್ದು ಹೋಗಿ ಹಿಡಿದುಕೊಳ್ಳೋಣವೆಂದರೆ ನನ್ನ ಕಾಲೇ ನನ್ನ ಮಾತು ಕೇಳುತ್ತಿರಲಿಲ್ಲ.

ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು. ಮೈಮೇಲೆ ನೇರಳೆ ಬಣ್ಣದ ರೇಷ್ಮೆ ಸೀರೆ, ಮಗನ ಕೈಯಿಂದ ಉಡಿಸಿಕೊಂಡಿದ್ದರಿಂದ ನೆರಿಗೆಯೆಲ್ಲ ಒಂದೇ ಕಡೆಗೆ ಎಳೆದಿತ್ತು. ಹಿಂದೆ ನಿಂತ ನನ್ನ ಗಂಡ ಬೆವೆತುಹೋಗಿದ್ದರು. ಅವರ ಹೆಗಲಿಗೆ ಬೇಕರಿಯ ಒಂದು ಕವರು ನೇತಾಡುತ್ತಿತ್ತು, ಅದರಲ್ಲಿ ಬ್ರೆಡ್ಡು, ಮೂಸಂಬಿ. ಅತ್ತೆ ಕುರ್ಚಿ ಹಾಕಿಸಿಕೊಂಡು, ಏದುಸಿರು ಅಡಗುವವರೆಗೆ ಸುಮ್ಮನೆ ಕೂತರು. ಆಮೇಲೆ ಕವರನ್ನು ಬಲಗೈಯಲ್ಲಿ ಈಸಿಕೊಂಡು ನನ್ನ ದಿಂಬಿನ ಪಕ್ಕದಲ್ಲಿಟ್ಟರು.

"ಎಂಗಿದ್ದೀಯವ್ವ? ಯಾವಾಗ್ಲಿಂದ ಜರ?"

ಯಾವಾಗಿನಿಂದ ಎಂದು ಅವರಿಗೆ ಗೊತ್ತಿಲ್ಲವೇ? ನಾನು ಬಿದ್ದ ದಿನದಿಂದ ಅವರ ಗಂಜಿ, ಸ್ನಾನ ಎಲ್ಲ ಹೊತ್ತು ತಪ್ಪಿದೆ. ಆದರೂ ನೆಂಟರ ಮನೆಗೆ ಬಂದವರಂತೆ ಕೇಳಿದರು, ನಾನೂ ಹಾಗೆಯೇ ಉತ್ತರ ಕೊಟ್ಟೆ. ಡಾಕ್ಟರು ಏನೆಂದರು, ಏನು ತಿನ್ನುತ್ತಿದ್ದೇನೆ, ನಿದ್ದೆ ಬರುತ್ತದೆಯೇ, ಒಂದೊಂದನ್ನೂ ಕೇಳಿದರು. ಉತ್ತರ ಹೇಳುತ್ತಾ ಹೇಳುತ್ತಾ ನನಗರಿವಿಲ್ಲದೆ ಮೊಣಕೈ ಊರಿ ಏಳಲು ಹೊರಟಿದ್ದೆ.

"ಎಲ್ಗ್ ಏಳ್ತೀಯೆ?"

"ಕಾಫಿ ಮಾಡ್ತೀನಿ ಅತ್ತೆ."

"ಮನಿಕ್ಕೊ ಸುಮ್ಕೆ. ನಂಗೇನ್ ಬಸ್ಸಿಗ್ ಒತ್ತಾಯ್ತದಾ?"

ನಾನು ಮಲಗಿದೆ. ಕಣ್ಣಿಂದ ನೀರು ಕಿವಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಮೇಲಕ್ಕೆ ಬರುತ್ತಿರಲಿಲ್ಲ. ಅತ್ತೆ ತಮ್ಮ ಸೆರಗಿನಲ್ಲಿ ಒರೆಸಿದರು, ರೇಷ್ಮೆ ಚುಚ್ಚಿತು.

"ಎಲ್ಲೆಲ್ ನೋಯ್ತದೆ, ಯೋಳು" ಎಂದರು.

ಇಷ್ಟು ವರ್ಷದಲ್ಲಿ ನಮ್ಮ ಮನೆಗೆ ಬಂದ ಯಾರೂ ನನ್ನನ್ನು ಕೇಳದಿದ್ದ ಮಾತು. ಹೇಳಿದೆ. ಮಣಿಕಟ್ಟು, ಹಿಮ್ಮಡಿ, ಬೆರಳಿನ ಸಂದು, ಮಂಡಿ. ಮಂಡಿ ಈ ಜ್ವರಕ್ಕಿಂತ ಮುಂಚಿನಿಂದಲೂ ನೋಯುತ್ತದೆ ಎಂದೆ. ಹೇಳಬಾರದೆಂದಿದ್ದರೂ ಬಾಯಿ ನಿಲ್ಲಲಿಲ್ಲ. "ನನಗೆ ಸಾಕಾಗಿದೆ ಅತ್ತೆ" ಎಂದುಬಿಟ್ಟೆ. ಯಾರಿಂದ ಸಾಕಾಗಿದೆಯೋ ಅವರಿಗೇ ಹೇಳಿದ್ದೆ. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಮುಖ ತಿರುಗಿಸಿಕೊಂಡು ಹಸುವಿನ ನೆಪದಲ್ಲಿ ಹೊರಗೆ ಹೋದರು.

ಅತ್ತೆ ಕೋಪ ಮಾಡಿಕೊಳ್ಳಲಿಲ್ಲ. ನನ್ನ ಬಾತ ಕೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಗಟ್ಟಿಯಿರುವ ಕೈಯಿಂದ ಬೆರಳೊಂದೊಂದನ್ನೇ ನೀವತೊಡಗಿದರು.

"ಆಗ್ದೆ ಏನವ್ವ" ಎಂದರು. "ನಂಗೂ ಸಾಕಾಗದೆ."

ಅವರು ಹೋಗುತ್ತೇನೆ ಎನ್ನಲಿಲ್ಲ, ನಾನೂ ಹೋಗಿ ಎನ್ನಲಿಲ್ಲ. ಕಿಟಕಿಯ ಬಿಸಿಲು ಕಾಲಿನ ಹತ್ತಿರ ಇದ್ದದ್ದು ಗೋಡೆ ಹತ್ತಿತು. ಸಂಜೆ ನನ್ನ ಗಂಡ ತಾಯಿಗೆ ಅಲ್ಲೇ ಇಂಜೆಕ್ಷನ್ ಕೊಟ್ಟು, ಎರಡು ತಟ್ಟೆಗಳಲ್ಲಿ ಮುದ್ದೆ ತಂದಿಟ್ಟು, ಬೈಗುಳಕ್ಕೆ ಸಿದ್ಧವಾಗಿ ನಿಂತರು. ಅತ್ತೆ ನನ್ನ ತಟ್ಟೆ ನೋಡಿದರು, ತಮ್ಮ ತಟ್ಟೆ ನೋಡಿದರು. "ನೀನ್ ಉಣ್ಣು, ನಾನೂ ಉಣ್ತೀನಿ" ಎಂದರು. ನನಗೆ ತುತ್ತು ಮುರಿಯಲು ಬೆರಳು ಬಾಗದ್ದನ್ನು ಕಂಡು, ತಾವೇ ಮುರಿದು ಸಾರಿನಲ್ಲಿ ಅದ್ದಿ ನನ್ನ ಬಾಯಿಗಿಟ್ಟರು. ಒಂದು ತುತ್ತು ನನಗೆ, ಒಂದು ತುತ್ತು ಅವರಿಗೆ. ಬೇಯದ ಹಿಟ್ಟಿನ ಗಂಟುಗಳನ್ನು ಆರಿಸಿ ತಟ್ಟೆಯ ಅಂಚಿಗೆ ಇಡುತ್ತಾ, ಇಂಥ ಇಟ್ಟನ್ನ ನಾಯೀನೂ ಮೂಸಾಕಿಲ್ಲ ಎಂದು ಮಗನನ್ನು ಬೈಯುತ್ತಾ, ಅತ್ತೆ ಮುದ್ದೆಯನ್ನು ಪೂರ್ತಿ ಉಂಡರು.